ಒಂದು ಬಸ್ಸಿಗೆ ಎಷ್ಟು ದುಡ್ಡು? 12 ವರ್ಷದ ಲೆಕ್ಕ ಹಾಕೋಣ

ಇವತ್ತು ಒಂದೇ ಪ್ರಶ್ನೆ. ನಿಮ್ಮ ಮುಂದೆ ಸದ್ದಿಲ್ಲದೆ ಬಂದು ನಿಲ್ಲುತ್ತಲ್ಲ ಎಲೆಕ್ಟ್ರಿಕ್ ಬಸ್, ಅದಕ್ಕೆ ಎಷ್ಟು ದುಡ್ಡು?

"ಒಂದು ಕೋಟಿ ಇರಬಹುದು" ಅಂತ ಯಾರಾದ್ರೂ ಹೇಳಿದ್ರೆ ಅದು ಉತ್ತರ ಅಲ್ಲ. ಅದು ಶೋರೂಮ್ ಬೆಲೆ. ನಾನು ಬಿ.ಕಾಂ ಓದಿದವನು. ಕಾಸ್ಟ್ ಅಕೌಂಟಿಂಗ್ ತರಗತಿಯಲ್ಲಿ ಕಲಿತದ್ದರಲ್ಲಿ ಇವತ್ತಿಗೂ ದಿನಾ ಉಪಯೋಗಕ್ಕೆ ಬರೋದು ಒಂದೇ ಮಾತು: ಕೊಳ್ಳೋ ದಿನ ಕೊಡೋ ದುಡ್ಡು ಬೇರೆ, ಅದು ಮನೆ ಬಿಟ್ಟು ಹೋಗೋವರೆಗೆ ಕೊಡೋ ದುಡ್ಡು ಬೇರೆ. ಎರಡನೆಯದಕ್ಕೆ ಟೋಟಲ್ ಕಾಸ್ಟ್ ಆಫ್ ಓನರ್‌ಶಿಪ್ ಅಂತಾರೆ. ನಾವು ಸರಳವಾಗಿ ಆಯಸ್ಸಿನ ಲೆಕ್ಕ ಅನ್ನೋಣ. ಇದರಲ್ಲಿ ಕೊಂಡ ಬೆಲೆ ಇದೆ, ಸಾಲದ ಬಡ್ಡಿ ಇದೆ, ಇಂಧನ, ರಿಪೇರಿ, ಓಡಿಸೋರ ಸಂಬಳ, ವಿಮೆ ಎಲ್ಲ ಇದೆ. ಕೊನೆಗೆ ಗುಜರಿಗೆ ಹಾಕಿದಾಗ ಬರೋ ಕಾಸನ್ನು ಕಳೀಬೇಕು. ಶಿವಾಜಿನಗರದಲ್ಲಿ ಹಳೇ ಗಾಡಿ ಬಿಚ್ಚಿ ಸ್ಪೇರ್ ಪಾರ್ಟ್ಸ್ ಮಾರೋ ಅಂಗಡಿಗಳನ್ನ ನೋಡಿದೋರಿಗೆ ಈ ಕೊನೇ ಅಂಕಿ ಸಣ್ಣದಲ್ಲ ಅಂತ ಗೊತ್ತು. ಸತ್ತ ಗಾಡಿಗೂ ಅಲ್ಲಿ ಒಂದು ರೇಟು ಇದೆ.

ಬಸ್ಸನ್ನೇ ಯಾಕೆ ಆರಿಸಿಕೊಂಡೆ ಅಂದ್ರೆ, ಇದು ನಮ್ಮೆಲ್ಲರ ದುಡ್ಡಿನ ಕಥೆ. ನೀವು ಟಿಕೆಟ್ ತಗೊಂಡರೂ ಸರಿ, ಸ್ಕೂಟರ್‌ನಲ್ಲಿ ಓಡಾಡ್ಕೊಂಡು ಬರೀ ತೆರಿಗೆ ಕಟ್ಟಿದರೂ ಸರಿ, ಬಿಲ್ ನಿಮ್ಮ ಹೆಸರಿಗೂ ಬರುತ್ತೆ.

ಕಥೆ ಶುರುವಾಗಿದ್ದು ನಮ್ಮ ಪೂರ್ವ ಭಾಗದ ರೂಟಲ್ಲೇ. 2014ರ ಫೆಬ್ರುವರಿ 27ರಂದು ಬಿಎಂಟಿಸಿ ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಬಸ್ಸನ್ನ ಪ್ರಯೋಗಕ್ಕೆ ಇಳಿಸಿತು. ರೂಟ್ ನಂಬರ್ 335ಇ, ಮೆಜೆಸ್ಟಿಕ್‌ನಿಂದ ಕಾಡುಗೋಡಿ. ಆಗ ಆ ಬಸ್ಸಿನ ಬೆಲೆ ಸುಮಾರು 2.7 ಕೋಟಿ ರೂಪಾಯಿ. ಪ್ರಯಾಣಿಕರಿಗೆ ಇಷ್ಟ ಆಯ್ತು. ಹೊಗೆ ಇಲ್ಲ, ಸದ್ದಿಲ್ಲ. ಆದ್ರೆ ಬೆಲೆ ಕೇಳಿದ ತಕ್ಷಣ ಮಾತು ನಿಂತು ಹೋಯ್ತು. ಪ್ರಯೋಗ ಮುಗೀತು, ಬಸ್ ಹೋಯ್ತು.

ಆಮೇಲೆ 2018. ಕೇಂದ್ರ ಸರ್ಕಾರದ ಫೇಮ್ ಯೋಜನೆಯಲ್ಲಿ ಎಲೆಕ್ಟ್ರಿಕ್ ಬಸ್‌ಗೆ ಸಬ್ಸಿಡಿ ಸಿಗ್ತಿತ್ತು. ಬಿಎಂಟಿಸಿ ಗುತ್ತಿಗೆ ಮೇಲೆ ಬಸ್ ತರೋಕೆ ಟೆಂಡರ್ ಕರೆದಿತ್ತು. ಅಷ್ಟರಲ್ಲಿ ಸರ್ಕಾರ ಬದಲಾಯ್ತು. ಆಗಿನ ಸಾರಿಗೆ ಸಚಿವ ಡಿ.ಸಿ. ತಮ್ಮಣ್ಣ ಗುತ್ತಿಗೆ ಬೇಡ, ನಿಗಮವೇ ಬಸ್ ಕೊಂಡುಕೊಳ್ಳಲಿ ಅಂದ್ರು. ಅಧಿಕಾರಿಗಳು ಗುತ್ತಿಗೆಯೇ ಸರಿ ಅಂದ್ರು. ಜಗಳ ಮುಗಿಯೋ ಹೊತ್ತಿಗೆ ಸಬ್ಸಿಡಿಯೂ ಇಲ್ಲ, ಬಸ್ಸೂ ಇಲ್ಲ. ಇಲ್ಲೊಂದು ಮಾತು ನೆನಪಿಟ್ಕೊಳ್ಳಿ: ತೀರ್ಮಾನ ಮಾಡದೆ ಕೂರೋದಕ್ಕೂ ಒಂದು ಬೆಲೆ ಇದೆ. ಅದು ಯಾವ ಬಿಲ್‌ನಲ್ಲೂ ಬರಲ್ಲ. ಆ ವರ್ಷಗಳಲ್ಲಿ ಸುಟ್ಟ ಡೀಸೆಲ್‌ನಲ್ಲಿ ಇರುತ್ತೆ.

ಕೊನೆಗೆ ಬಸ್ ಬಂದಿದ್ದು ಗುತ್ತಿಗೆ ಮೇಲೇ. ಇದಕ್ಕೆ ಗ್ರಾಸ್ ಕಾಸ್ಟ್ ಕಾಂಟ್ರಾಕ್ಟ್ ಅಂತ ಹೆಸರು, ಎಲ್ಲರೂ ಜಿಸಿಸಿ ಅಂತಾರೆ. ಕಂಪನಿ ಬಸ್ ತರುತ್ತೆ, ರಿಪೇರಿ ಮಾಡುತ್ತೆ, ಡ್ರೈವರ್ ಅವರ ಕಡೆಯೋರು. ಕಂಡಕ್ಟರ್ ಬಿಎಂಟಿಸಿಯೋರು, ಟಿಕೆಟ್ ದುಡ್ಡೂ ಬಿಎಂಟಿಸಿಗೆ. ಓಡಿದ ಪ್ರತಿ ಕಿಲೋಮೀಟರ್‌ಗೆ ಬಿಎಂಟಿಸಿ ಇಷ್ಟು ಅಂತ ಕಂಪನಿಗೆ ಕೊಡುತ್ತೆ. ಬಸ್ ತುಂಬಿರಲಿ, ಖಾಲಿ ಇರಲಿ, ಕೊಡೋದು ಅಷ್ಟೇ.

ಮೂರು ಕಂತಿನ ರೇಟು ನೋಡಿ. ಮೊದಲು ಬಂದದ್ದು ಸ್ಮಾರ್ಟ್ ಸಿಟಿ ಯೋಜನೆಯ 90 ಬಸ್, 9 ಮೀಟರ್ ಉದ್ದದ್ದು, ಜೆಬಿಎಂ ಕಂಪನಿಯದ್ದು. ಮೆಟ್ರೋ ನಿಲ್ದಾಣಕ್ಕೆ ಜನರನ್ನ ತಲುಪಿಸೋ ಫೀಡರ್ ಬಸ್ ಅಂತ ತಂದಿದ್ದು. ನಮ್ಮ ಕೆ.ಆರ್. ಪುರ ಡಿಪೋದಲ್ಲೂ ಇದಕ್ಕೆ ಚಾರ್ಜಿಂಗ್ ವ್ಯವಸ್ಥೆ ಆಯ್ತು. ಕಿಲೋಮೀಟರ್‌ಗೆ 51.67 ರೂಪಾಯಿ, ದಿನಕ್ಕೆ ಕನಿಷ್ಠ 180 ಕಿಲೋಮೀಟರ್. ಎರಡನೆಯದು ಸ್ವಿಚ್ ಕಂಪನಿಯ 300 ಬಸ್, 12 ಮೀಟರ್ ಉದ್ದದ್ದು, ಕಿಲೋಮೀಟರ್‌ಗೆ 48.90 ರೂಪಾಯಿ. ಮೂರನೆಯದು ಟಾಟಾದ 921 ಬಸ್. ಮೊದಲ 100 ಬಸ್ 2023ರ ಡಿಸೆಂಬರ್ 26ರಂದು ರಸ್ತೆಗೆ ಇಳಿದವು. ಕಿಲೋಮೀಟರ್‌ಗೆ 41.01 ರೂಪಾಯಿ, ದಿನಕ್ಕೆ ಕನಿಷ್ಠ 200 ಕಿಲೋಮೀಟರ್, 12 ವರ್ಷದ ಕರಾರು.

ಉದ್ದದ ಬಸ್ಸಿಗೆ ಕಡಿಮೆ ರೇಟು, ಗಿಡ್ಡ ಬಸ್ಸಿಗೆ ಜಾಸ್ತಿ ರೇಟು! ಇದು ಹೇಗೆ? ಸಬ್ಸಿಡಿ ವ್ಯತ್ಯಾಸ ಇದೆ, ವರ್ಷಗಳ ವ್ಯತ್ಯಾಸ ಇದೆ. ಆದ್ರೆ ದೊಡ್ಡ ಕಾರಣ ಸಂತೆ ವ್ಯಾಪಾರದ್ದೇ. ಒಂದು ಕೆಜಿ ಟೊಮೆಟೊಗೆ ಒಂದು ರೇಟು, ಒಂದು ಕ್ರೇಟ್‌ಗೆ ಇನ್ನೊಂದು ರೇಟು. ಮೂರನೇ ಕಂತಿನಲ್ಲಿ ಬೆಂಗಳೂರು, ದೆಹಲಿ, ಹೈದರಾಬಾದ್, ಕೋಲ್ಕತ್ತ, ಸೂರತ್ ಐದೂ ಊರಿನ ಬೇಡಿಕೆ ಸೇರಿಸಿ 5,450 ಬಸ್‌ಗೆ ಒಂದೇ ಟೆಂಡರ್ ಕರೆದ್ರು. ಜೊತೆಗೆ ಕನಿಷ್ಠ ಕಿಲೋಮೀಟರ್ ನೋಡಿ. ಬಸ್ಸಿನ ಸಾಲದ ಕಂತು, ಡ್ರೈವರ್ ಸಂಬಳ ಇವೆಲ್ಲ ಬಸ್ ಓಡಿದರೂ ನಿಂತರೂ ಬರೋ ಖರ್ಚು. 180ಕ್ಕೆ ಹಂಚಿದರೆ ಒಂದು ಪಾಲು, 200ಕ್ಕೆ ಹಂಚಿದರೆ ಅದಕ್ಕಿಂತ ಸಣ್ಣ ಪಾಲು.

ಈಗ ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. 41.01 ಗುಣಿಸು 200, ದಿನಕ್ಕೆ 8,202 ರೂಪಾಯಿ. ವರ್ಷಕ್ಕೆ ಸುಮಾರು 29.9 ಲಕ್ಷ. 12 ವರ್ಷಕ್ಕೆ, ರೇಟು ಒಂದು ಪೈಸೆಯೂ ಏರದಿದ್ರೆ, ಸುಮಾರು 3.59 ಕೋಟಿ. ಒಂದೇ ಬಸ್ಸಿಗೆ. 921 ಬಸ್ಸಿಗೆ ಸುಮಾರು 3,300 ಕೋಟಿ. ಇದರ ಮೇಲೆ ಕಂಡಕ್ಟರ್ ಸಂಬಳ, ಡಿಪೋ ಜಾಗ ಬೇರೆ.

3.59 ಕೋಟಿ ಕೇಳಿ ಗಾಬರಿ ಆಗ್ಬೇಡಿ. ಡೀಸೆಲ್ ಬಸ್ಸಿಗೂ ಇದೇ ರೀತಿ ಉದ್ದಕ್ಕೆ ಲೆಕ್ಕ ಹಾಕಿದ್ರೆ ಅದೂ ಕೋಟಿಗಳಲ್ಲೇ ಬರುತ್ತೆ. ಒಂದರದ್ದು ಶೋರೂಮ್ ಬೆಲೆ, ಇನ್ನೊಂದರದ್ದು ಆಯಸ್ಸಿನ ಬೆಲೆ ಇಟ್ಕೊಂಡು ಹೋಲಿಸಿ ವಾಟ್ಸ್ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡ್ತಾರಲ್ಲ, ಅದನ್ನ ಮಾತ್ರ ನಂಬಬೇಡಿ.

ಹಾಗಾದ್ರೆ ಸರಿಯಾಗಿ ಹೋಲಿಸೋದು ಹೇಗೆ? ಈಗ ನಾನು ಹೇಳೋ ಅಂಕಿಗಳು ಲೆಕ್ಕ ಕಲಿಯೋಕೆ ಹಿಡಿದುಕೊಂಡವು, ಯಾವ ನಿಗಮದ ಪುಸ್ತಕದಿಂದ ತೆಗೆದವಲ್ಲ. ಡೀಸೆಲ್ ಬಸ್ 40 ಲಕ್ಷ, ಎಲೆಕ್ಟ್ರಿಕ್ ಬಸ್ 1.2 ಕೋಟಿ ಅಂತ ಹಿಡಿಯೋಣ. ವ್ಯತ್ಯಾಸ 80 ಲಕ್ಷ. ಡೀಸೆಲ್ ಲೀಟರ್‌ಗೆ 90 ರೂಪಾಯಿ, ಬಸ್ ಲೀಟರ್‌ಗೆ 4 ಕಿಲೋಮೀಟರ್ ಕೊಡುತ್ತೆ. ಅಂದ್ರೆ ಕಿಲೋಮೀಟರ್‌ಗೆ 22.50. ಎಲೆಕ್ಟ್ರಿಕ್ ಬಸ್ ಕಿಲೋಮೀಟರ್‌ಗೆ 1.3 ಯೂನಿಟ್ ತಿನ್ನುತ್ತೆ, ಯೂನಿಟ್‌ಗೆ 7 ರೂಪಾಯಿ. ಅಂದ್ರೆ 9.10. ಎಲೆಕ್ಟ್ರಿಕ್ ಬಸ್ಸಲ್ಲಿ ಎಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ರಿಪೇರಿಯಲ್ಲಿ ಇನ್ನೊಂದು 3 ರೂಪಾಯಿ ಉಳೀತು ಅನ್ನೋಣ. ಒಟ್ಟು ಉಳಿತಾಯ ಕಿಲೋಮೀಟರ್‌ಗೆ 16.40. ದಿನಕ್ಕೆ 200 ಕಿಲೋಮೀಟರ್ ಓಡಿದ್ರೆ ವರ್ಷಕ್ಕೆ ಹತ್ತಿರ ಹತ್ತಿರ 12 ಲಕ್ಷ. 12 ವರ್ಷಕ್ಕೆ 1.44 ಕೋಟಿ. ಇದರಲ್ಲಿ ಮೊದಲ 80 ಲಕ್ಷ ಕಳೀರಿ. ಎಂಟನೇ ವರ್ಷ ಬ್ಯಾಟರಿ ಬದಲಾಯಿಸೋಕೆ 25 ಲಕ್ಷ ಕಳೀರಿ. ಇನ್ನೂ 39 ಲಕ್ಷ ಲಾಭ. ಎಲೆಕ್ಟ್ರಿಕ್ ಗೆದ್ದಿತು ಅಂತ ಚಪ್ಪಾಳೆ ತಟ್ಟಬಹುದಾ?

ತಡೀರಿ. ಹಲಸೂರಿನ ಗಲ್ಲಿಗಳಲ್ಲಿ ಚೀಟಿ ನಡೆಸೋ ಅಕ್ಕಂದಿರನ್ನ ಕೇಳಿ. ಒಂದು ಲಕ್ಷದ ಚೀಟಿಯನ್ನ ಮೊದಲನೇ ತಿಂಗಳಲ್ಲೇ ಎತ್ತೋರು ಕಡಿಮೆ ದುಡ್ಡಿಗೆ ಯಾಕೆ ಒಪ್ತಾರೆ? ಇವತ್ತಿನ ದುಡ್ಡಿಗೆ ತೂಕ ಜಾಸ್ತಿ, ನಾಳೆಯ ದುಡ್ಡಿಗೆ ಕಡಿಮೆ. 80 ಲಕ್ಷ ಇವತ್ತು ಕೈ ಬಿಟ್ಟು ಹೋಗುತ್ತೆ, 12 ಲಕ್ಷದ ಉಳಿತಾಯ ವರ್ಷ ವರ್ಷ ನಿಧಾನಕ್ಕೆ ಬರುತ್ತೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಕಾದ್ರೆ ಮುಂದೆ ಬರೋ ದುಡ್ಡಿಗೆ ಬಡ್ಡಿ ಕಳೆದು ಇವತ್ತಿನ ಬೆಲೆಗೆ ಇಳಿಸಬೇಕು. 9 ಪರ್ಸೆಂಟ್ ಬಡ್ಡಿಯಲ್ಲಿ ಇಳಿಸಿದ್ರೆ ಆ 1.44 ಕೋಟಿ ಇವತ್ತಿಗೆ ಸುಮಾರು 86 ಲಕ್ಷ ಅಷ್ಟೇ. ಎಂಟು ವರ್ಷ ಆಚೆ ಇರೋ ಬ್ಯಾಟರಿ ಖರ್ಚೂ ಇಳಿಯುತ್ತೆ, ಅದು ಸುಮಾರು 12.5 ಲಕ್ಷ. ಕಳೆದ್ರೆ ಉಳಿದದ್ದು 73 ಲಕ್ಷ. ಹಾಕಿದ್ದು 80 ಲಕ್ಷ. ಲಾಭ ಅಂದ್ಕೊಂಡಿದ್ದು 7 ಲಕ್ಷ ನಷ್ಟ ಆಯ್ತು!

ಅದೇ ಬಸ್ಸು, ಅದೇ ಕರೆಂಟು. ಬಡ್ಡಿ ಒಂದನ್ನ ಸೇರಿಸಿದ್ದಕ್ಕೆ ಉತ್ತರ ತಿರುಗಿ ಹೋಯ್ತು. ಹಾಗಂತ ಡೀಸೆಲ್ ಗೆದ್ದಿತು ಅಂತಲೂ ಅಲ್ಲ. ಡೀಸೆಲ್ ಬೆಲೆ 12 ವರ್ಷ 90ರಲ್ಲೇ ನಿಲ್ಲುತ್ತೆ ಅಂತ ಹಿಡಿದಿದ್ದೀವಿ. ನಿಲ್ಲುತ್ತಾ? ನಿಮಗೇ ಗೊತ್ತು. ಅದು ಏರಿದಷ್ಟೂ ಎಲೆಕ್ಟ್ರಿಕ್ ಮುಂದೆ ಹೋಗುತ್ತೆ.

ಇಲ್ಲಿವರೆಗೆ ನಾನು ಮುಟ್ಟದೆ ಬಿಟ್ಟ ಅಂಕಿ ಒಂದಿದೆ: ದಿನಕ್ಕೆ ಎಷ್ಟು ಕಿಲೋಮೀಟರ್. ಅದನ್ನ ಈಗ ಅಲ್ಲಾಡಿಸಿ ನೋಡೋಣ. 200ರ ಬದಲು 250 ಓಡಿದ್ರೆ ಅದೇ ಲೆಕ್ಕದಲ್ಲಿ 7 ಲಕ್ಷದ ನಷ್ಟ ಹೋಗಿ 14 ಲಕ್ಷಕ್ಕೂ ಹೆಚ್ಚು ಲಾಭ. 150ಕ್ಕೆ ಇಳಿದ್ರೆ 28 ಲಕ್ಷ ನಷ್ಟ. ಯಾಕಂದ್ರೆ ಎಲೆಕ್ಟ್ರಿಕ್ ಬಸ್ ಕೊಳ್ಳುವಾಗ ದುಬಾರಿ, ಓಡುವಾಗ ಅಗ್ಗ. ಅಂಥ ವಸ್ತು ನಿಂತಷ್ಟೂ ನಷ್ಟ, ಓಡಿದಷ್ಟೂ ಲಾಭ.

ಈಗ ಸಂಜೆ ಆರೂವರೆಗೆ ಟಿನ್ ಫ್ಯಾಕ್ಟರಿ ಹತ್ತಿರ ಬನ್ನಿ. ಹಳೇ ಮದ್ರಾಸ್ ರೋಡ್ ಒಂದು ಕಡೆಯಿಂದ, ಹೊರ ವರ್ತುಲ ರಸ್ತೆ ಇನ್ನೊಂದು ಕಡೆಯಿಂದ ಬಂದು ಕೂಡ್ಕೊಳ್ಳೋ ಜಾಗ. ಮುಂದೆ ಕೆ.ಆರ್. ಪುರದ ತೂಗು ಸೇತುವೆ. ಅಲ್ಲಿ ನಿಂತಿರೋ ಬಸ್ಸು ಬರೀ ನಿಮ್ಮ ಟೈಮ್ ತಿಂತಿಲ್ಲ. ನಮ್ಮ ಲೆಕ್ಕದ 250ನ್ನ 200 ಮಾಡ್ತಿದೆ, 200ನ್ನ 150 ಮಾಡ್ತಿದೆ. ಕರಾರಿನಲ್ಲಿ ಕನಿಷ್ಠ ಕಿಲೋಮೀಟರ್‌ಗೆ ಖಾತ್ರಿ ಕೊಟ್ಟ ಮೇಲೆ, ನಿಗಮದ ಕಡೆಯಿಂದ ಅಷ್ಟು ಓಡಿಸೋಕೆ ಆಗದಿದ್ರೂ ಪೂರ್ತಿಯೋ ಭಾಗಶಃವೋ ದುಡ್ಡು ಕೊಡಲೇಬೇಕು. ಟ್ರಾಫಿಕ್ ಜಾಮ್‌ನ ಬಿಲ್ ನಮಗೇ ಬರುತ್ತೆ ಅಂತ ಅರ್ಥ.

2019ರಲ್ಲಿ ಇದೇ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಗೆ ಬಸ್‌ಗೇ ಅಂತ ಒಂದು ಪಥ ಬಿಟ್ಟಿದ್ರು. ಕಂಬ ನೆಟ್ಟು ಬೇರೆ ಗಾಡಿ ಬರದ ಹಾಗೆ ಮಾಡಿದ್ರು. ಆಮೇಲೆ ಮೆಟ್ರೋ ಕಾಮಗಾರಿ ಬಂತು, ಪಥ ಹೋಯ್ತು. ಬಸ್ ಪಥ ಅಂದ್ರೆ ಪ್ರಯಾಣಿಕರಿಗೆ ಮಾಡೋ ಉಪಕಾರ ಅಂತ ಜನ ಅಂದ್ಕೊಂಡಿದ್ದಾರೆ. ಆಯಸ್ಸಿನ ಲೆಕ್ಕ ಹಾಕಿದೋರಿಗೆ ಅದು ಬಸ್ಸಿನ ಬೆಲೆಯ ಒಂದು ಭಾಗ. ಒಂದೊಂದು ಬಸ್ಸಿಗೆ ಕೋಟಿ ಕೋಟಿ ಕೊಡೋಕೆ ತಯಾರಿದ್ದು, ಅದು ಓಡೋಕೆ ಒಂದು ಸಾಲು ರಸ್ತೆ ಬಿಡಲ್ಲ ಅನ್ನೋದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ.

ಇನ್ನು ಲೆಕ್ಕದಲ್ಲಿ ಕಾಣಿಸದ ಮೂರು ವಿಷಯ ಹೇಳ್ತೀನಿ.

ಒಂದು, ಡ್ರೈವರ್. ಆ 41.01 ರೂಪಾಯಿ ಒಳಗೆ ಡ್ರೈವರ್ ಸಂಬಳ ಇದೆ. ಟೆಂಡರ್ ಸಿಗೋದು ಕಡಿಮೆ ರೇಟು ಕೂಗಿದವರಿಗೆ. ರೇಟು ಇಳಿಸೋಕೆ ಬ್ಯಾಟರಿ ಬೆಲೆ ಇಳಿಯಬೇಕು, ಬಡ್ಡಿ ಇಳಿಯಬೇಕು, ಇಲ್ಲಾ ಸಂಬಳ ಇಳಿಯಬೇಕು. ಮೊದಲ ಎರಡು ಕಂಪನಿಯ ಕೈಯಲ್ಲಿ ಪೂರ್ತಿ ಇಲ್ಲ. ನಿಗಮದ ಡ್ರೈವರ್‌ಗೂ ಗುತ್ತಿಗೆ ಡ್ರೈವರ್‌ಗೂ ಓಡಿಸೋ ರಸ್ತೆ ಒಂದೇ, ಬೈಸಿಕೊಳ್ಳೋ ಬೈಗುಳ ಒಂದೇ. ಸಂಬಳ ಸಾಲದೆ ಜನ ಬಿಟ್ಟು ಹೋಗ್ತಾ, ಹೊಸಬರು ಬರ್ತಾ ಇದ್ರೆ ಅದಕ್ಕೂ ಒಂದು ಬೆಲೆ ಇದೆ. ಅದನ್ನ ಕೊಡೋದು ರಸ್ತೆ ದಾಟೋರು, ಬಾಗಿಲಲ್ಲಿ ನಿಂತೋರು.

ಎರಡು, ಹೊಗೆ. ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಕೂತು ಹೂವು, ಹಣ್ಣು ಮಾರೋರಿದ್ದಾರೆ. ಡೀಸೆಲ್ ಹೊಗೆಯ ಬಿಲ್ ಅವರ ಎದೆಗೆ ಬರುತ್ತೆ. ಯಾವ ಡಿಪೋದ ಲೆಕ್ಕದ ಪುಸ್ತಕದಲ್ಲೂ ಅದಕ್ಕೊಂದು ಕಾಲಂ ಇಲ್ಲ. ಆಗಲೇ ನಾವು 7 ಲಕ್ಷ ನಷ್ಟ ಅಂತ ಎಲೆಕ್ಟ್ರಿಕ್ ಬಸ್ ತಲೆಗೆ ಕಟ್ಟಿದ್ದೀವಲ್ಲ, 12 ವರ್ಷದ ಹೊಗೆಗೆ 7 ಲಕ್ಷಕ್ಕಿಂತ ಜಾಸ್ತಿ ಬೆಲೆ ಅಂತ ನಿಮಗೆ ಅನ್ನಿಸಿದ್ರೆ, ಉತ್ತರ ಮತ್ತೆ ತಿರುಗುತ್ತೆ. ಸಬ್ಸಿಡಿ ಕೊಡೋದರ ಹಿಂದಿರೋ ತರ್ಕ ಇದೇ. ಅದು ಪುಕ್ಕಟೆ ದುಡ್ಡಲ್ಲ. ಹೊಗೆ ಕುಡಿಯೋರ ಪರವಾಗಿ ಎಲ್ಲರೂ ಸೇರಿ ಕಟ್ಟೋ ಪಾಲು.

ಮೂರು, 13ನೇ ವರ್ಷ. ಕರಾರು ಮುಗಿದ ದಿನ ಬಸ್ಸು ಕಂಪನಿಯದ್ದು. ನಿಗಮಕ್ಕೆ ಉಳಿಯೋದು ಏನು? ಡಿಪೋ ಜಾಗ, ಅಲ್ಲಿವರೆಗೆ ಎಳೆದ ಹೈ ಟೆನ್ಶನ್ ಲೈನು. ಡೀಸೆಲ್ ಬಸ್ಸನ್ನ ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್‌ಗಳು ಬಿಎಂಟಿಸಿಯಲ್ಲಿ ಇದ್ದಾರೆ. 12 ವರ್ಷ ರಿಪೇರಿಯೆಲ್ಲ ಹೊರಗಿನವರೇ ಮಾಡಿದ್ರೆ, ಬ್ಯಾಟರಿ ಬಸ್ಸಿನ ಕೆಲಸ ನಮ್ಮವರ ಕೈಗೆ ಬರೋದು ಯಾವಾಗ? ಆಗ ಮುಂದಿನ ಟೆಂಡರ್‌ನಲ್ಲಿ ಚೌಕಾಸಿ ಮಾಡೋ ಶಕ್ತಿಯೂ ಕಡಿಮೆ ಆಗುತ್ತೆ. 2018ರ ಜಗಳದಲ್ಲಿ "ನಾವೇ ಕೊಳ್ಳೋಣ" ಅನ್ನೋ ವಾದದೊಳಗೆ ಇದ್ದ ನಿಜವಾದ ತಿರುಳು ಇದು. ಅದಕ್ಕೆ ಉತ್ತರ ಗುತ್ತಿಗೆ ಬೇಡ ಅನ್ನೋದಲ್ಲ. ತರಬೇತಿಯನ್ನ ಕರಾರಿನೊಳಗೇ ಬರೆಸೋದು.

ಈ ಮಾತೆಲ್ಲ ಈಗ ಯಾಕೆ ಅಂದ್ರೆ, 2025ರಲ್ಲಿ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಡಿ ಬೆಂಗಳೂರಿಗೆ ಸುಮಾರು 4,500 ಎಲೆಕ್ಟ್ರಿಕ್ ಬಸ್ ಹಂಚಿಕೆ ಆಗಿದೆ. 921 ಬಸ್ಸಿಗೇ 3,300 ಕೋಟಿ ಲೆಕ್ಕ ಬಂದಿದ್ದು ನೋಡಿದ್ರಲ್ಲ. ಇದು ಅದರ ಐದು ಪಟ್ಟು ಹತ್ತಿರ. ಇನ್ನೊಂದು ಕಡೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಉಚಿತ. ಆ ದುಡ್ಡನ್ನ ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. 2025ರ ಜನವರಿ 5ರಿಂದ ಟಿಕೆಟ್ ದರ 15 ಪರ್ಸೆಂಟ್ ಏರಿದೆ. ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ಕಾಸು ಹೋಗ್ತಾನೇ ಇರುತ್ತೆ. ನಿಗಮಕ್ಕೆ ಕಾಸು ಬರೋದು ತಡ ಆದ್ರೆ ಅದೂ ಬಡ್ಡಿಯೇ. ಆ ಬಡ್ಡಿ ಕೊನೆಗೆ ಟಿಕೆಟ್‌ಗೋ ತೆರಿಗೆಗೋ ಬಂದು ಕೂರುತ್ತೆ.

ಹಾಗಾಗಿ ಇನ್ನು ಮುಂದೆ "ಇಷ್ಟು ನೂರು ಹೊಸ ಬಸ್" ಅಂತ ಸುದ್ದಿ ಬಂದಾಗ ಐದು ಪ್ರಶ್ನೆ ಕೇಳಿ. ಕಿಲೋಮೀಟರ್‌ಗೆ ಎಷ್ಟು, ಆ ರೇಟು ವರ್ಷಕ್ಕೆ ಹೇಗೆ ಏರುತ್ತೆ? ಕರೆಂಟ್ ಬಿಲ್ ಅದರೊಳಗಾ, ಹೊರಗಾ? ಇದು ಕರಾರಿನಿಂದ ಕರಾರಿಗೆ ಬೇರೆ ಇರಬಹುದು. ದಿನಕ್ಕೆ ಎಷ್ಟು ಕಿಲೋಮೀಟರ್‌ಗೆ ಖಾತ್ರಿ, ಆ ರೂಟಲ್ಲಿ ಅಷ್ಟು ಓಡೋಕೆ ಸಾಧ್ಯಾನಾ? ಡ್ರೈವರ್‌ಗೆ ಎಷ್ಟು? ಕರಾರು ಮುಗಿದ ಮೇಲೆ ಯಾರಿಗೆ ಏನು ಉಳಿಯುತ್ತೆ?

ಇದೇ ಪ್ರಶ್ನೆಗಳನ್ನ ಸ್ವಲ್ಪ ತಿರುಗಿಸಿ ನಿಮ್ಮ ಮನೆಗೂ ಕೇಳ್ಕೋಬಹುದು. ಇಂದಿರಾನಗರದ ಆಫೀಸಿಗೆ ದಿನಾ 40 ಕಿಲೋಮೀಟರ್ ಹೋಗಿ ಬರೋರಿಗೆ ಎಲೆಕ್ಟ್ರಿಕ್ ಸ್ಕೂಟರ್ ಬೇಗ ಗೆಲ್ಲುತ್ತೆ. ವಾರಕ್ಕೆ ಎರಡು ದಿನ ಸಿಎಂಎಚ್ ರೋಡ್‌ಗೆ ತರಕಾರಿ ತರೋಕೆ ಮಾತ್ರ ತೆಗೆಯೋರಿಗೆ, ಮನೇಲಿರೋ ಹಳೇ ಗಾಡಿಯೇ ಅಗ್ಗ ಇರಬಹುದು. ಗಾಡಿ ಎರಡೂ ಒಂದೇ, ಓಡೋ ಕಿಲೋಮೀಟರ್ ಬೇರೆ. ಇಎಂಐ ಕಡಿಮೆ ಅಂತ ಯಾರಾದ್ರೂ ಹೇಳಿದ್ರೆ, "ಎಷ್ಟು ತಿಂಗಳು?" ಅಂತ ಕೇಳಿ. ಅಗ್ಗಕ್ಕೆ ಆಸೆಪಟ್ಟು ಮುಗ್ಗಲು ಜೋಳ ತಂದ ಕಥೆ ಗೊತ್ತಲ್ಲ, ಅವರೂ ತಂದ ದಿನದ ರೇಟು ಮಾತ್ರ ನೋಡಿದ್ರು.

ನನ್ನ ಅಭಿಪ್ರಾಯ ಕೇಳಿದ್ರೆ, ಎಲೆಕ್ಟ್ರಿಕ್ ಬಸ್ ಬೇಕು, ಜಾಸ್ತಿನೇ ಬೇಕು. ಆದ್ರೆ ಬಸ್ಸಿನ ಜೊತೆ ಬಸ್ ಪಥವೂ ಬರಬೇಕು, ಕರಾರಿನ ಪುಟಗಳು ಜನರಿಗೆ ಸುಲಭವಾಗಿ ಸಿಗಬೇಕು. 2023ರ ಕೊನೆಯಲ್ಲಿ ಇಳಿದ ಬಸ್ಸಿನ ಕರಾರು ಮುಗಿಯೋದು 2035ರ ಸುಮಾರಿಗೆ. ಆ ಹೊತ್ತಿಗೆ ನನಗೆ ನಲವತ್ತರ ಹತ್ತಿರ, ಕೇಳ್ತಿರೋ ನಿಮ್ಮಲ್ಲಿ ತುಂಬಾ ಜನರಿಗೆ ಮೂವತ್ತು ದಾಟಿರುತ್ತೆ. ಅಲ್ಲಿವರೆಗೂ ತಿಂಗಳು ತಿಂಗಳು ಈ ಬಿಲ್ ಕಟ್ಟೋರು ನಾವೇ. ಕಟ್ಟೋರಿಗೆ ಕೇಳೋ ಹಕ್ಕಿದೆ.

ನಿಮ್ಮ ರೂಟಿನ ಬಸ್ ಟಿನ್ ಫ್ಯಾಕ್ಟರಿ ದಾಟೋಕೆ ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಒಂದು ವಾರ ಬರೆದಿಟ್ಟು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆ ನಿಮಿಷಗಳನ್ನ ರೂಪಾಯಿಗೆ ತಿರುಗಿಸೋಣ.